ಜುಲೈನಲ್ಲಿ ಡೆತ್ ವ್ಯಾಲಿ, ಒಂದೇ ದಿನ: ಅಪ್ಪ-ಅಮ್ಮ, ಐದು ವರ್ಷದ ಮಗು ಜೊತೆ ಆಗುತ್ತಾ?

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ಜುಲೈ ಎರಡನೇ ವಾರ ಲಾಸ್ ವೇಗಸ್‌ನಲ್ಲಿ ಮೂರು ದಿನ ಇರ್ತೀವಿ. ಅದರಲ್ಲಿ ಒಂದು ದಿನ ಕ್ಯಾಲಿಫೋರ್ನಿಯಾದ ಮರುಭೂಮಿ ಪಾರ್ಕ್ ಡೆತ್ ವ್ಯಾಲಿ ನೋಡಿಕೊಂಡು ಅವತ್ತೇ ವಾಪಸ್ ಬರಬೇಕು ಅಂತಿದೆ. ಒಟ್ಟು ಐದು ಜನ: ಮೈಸೂರಿನಿಂದ ಬಂದಿರೋ ಅಪ್ಪ (68), ಅಮ್ಮ (63), ನಾವಿಬ್ಬರು, ಐದು ವರ್ಷದ ಮಗಳು. ಅಪ್ಪನಿಗೆ ಬಿಪಿ ಇದೆ, ಮಾತ್ರೆ ತಗೋತಾರೆ. ಸಮತಟ್ಟಾದ ಕಡೆ ಆರಾಮಾಗಿ ನಡೀತಾರೆ, ಏರು ಸಿಕ್ಕರೆ ಏದುಸಿರು ಬರುತ್ತೆ.

ಗಾಡಿ ಬಾಡಿಗೆಯದು. ಪೆಟ್ರೋಲ್ ಎಸ್‌ಯುವಿನೂ ಸಿಗುತ್ತೆ, ಅದೇ ಬೆಲೆಗೆ ಎಲೆಕ್ಟ್ರಿಕ್ ಕಾರೂ ಕೊಡ್ತಾರಂತೆ. ಇಳಿದುಕೊಳ್ಳೋ ಕಡೆ ಅಡುಗೆಮನೆ, ಫ್ರಿಜ್ ಎರಡೂ ಇದೆ.

ಗೊತ್ತಾಗಬೇಕಿರೋದು: ಯಾವ ಜಾಗ ಮೊದಲು, ಯಾವುದು ಆಮೇಲೆ? ನೀರು ಎಷ್ಟು? ಗಾಡಿಯಲ್ಲಿ ಏನೇನು ನೋಡಿಕೊಳ್ಳಬೇಕು? ಬೆಳಿಗ್ಗೆ ಎಂಟಕ್ಕೆ ತಿಂಡಿ ಮುಗಿಸಿ ಹೊರಟು, ಸಂಜೆ ಆರಕ್ಕೆ ವಾಪಸ್ ಅನ್ನೋದು ಈಗಿನ ಪ್ಲಾನ್. ಇದು ಸರೀನಾ?

ಮೊಹಾವೆಮಾರ್ಗಿ:

ಹೋಗಬಹುದು, ಆದರೆ ಎಂಟಕ್ಕೆ ಹೊರಡೋ ಪ್ಲಾನ್ ಮಾತ್ರ ಖಂಡಿತ ಬೇಡ. ಎಂಟಕ್ಕೆ ಬಿಟ್ಟರೆ ಪಾರ್ಕಿನೊಳಗಿನ ಮುಖ್ಯ ತಾಣ ಫರ್ನೆಸ್ ಕ್ರೀಕ್ ಸೇರೋದೇ ಹತ್ತೂಕಾಲಿಗೆ. ಬೇಸಿಗೆಯಲ್ಲಿ ಹತ್ತು ಗಂಟೆ ಮೇಲೆ ತಗ್ಗಿನ ಜಾಗಗಳಲ್ಲಿ ನಡೆಯಲೇಬೇಡಿ ಅಂತ ಪಾರ್ಕಿನವರೇ ಹೇಳ್ತಾರೆ. ಜುಲೈನಲ್ಲಿ ಅಲ್ಲಿನ ಸರಾಸರಿ ಗರಿಷ್ಠ ತಾಪಮಾನ ಸುಮಾರು 117 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 47 ಸೆಲ್ಸಿಯಸ್. ಇದು ಸರಾಸರಿ, 120 ದಾಟೋ ದಿನಗಳೂ ಬೇಕಾದಷ್ಟಿವೆ. ಬೆಳಗಿನ ಜಾವದಲ್ಲೂ 90 ಫ್ಯಾರನ್‌ಹೀಟ್ ಆಸುಪಾಸು ಇರುತ್ತೆ, ಆದರೆ ಅಷ್ಟನ್ನ ವಯಸ್ಸಾದವರೂ ತಡೀತಾರೆ.

ಬೆಳಗಿನ ಜಾವ 3:15ಕ್ಕೆ ಗಾಡಿ ಹೊರಡಬೇಕು. ಮಗು ಹೇಗೂ ಸೀಟಿನಲ್ಲೇ ಮಲಗಿರುತ್ತೆ. ನೆವಾಡಾ 160 ಹೆದ್ದಾರಿಯಲ್ಲಿ ಪಹ್ರಂಪ್ ಊರಿನವರೆಗೆ ಒಂದು ಗಂಟೆ. ಅಲ್ಲಿ ಟ್ಯಾಂಕ್ ತುಂಬಿಸಿ. ಕ್ಯಾಲಿಫೋರ್ನಿಯಾ ಗಡಿ ದಾಟಿದ ಮೇಲೆ ಬೆಲೆ ಏರುತ್ತೆ, ಪಾರ್ಕಿನ ಒಳಗಂತೂ ಇನ್ನೂ ಜಾಸ್ತಿ. ಪಹ್ರಂಪ್‌ನಲ್ಲಿ ಬೆಲ್ ವಿಸ್ಟಾ ರಸ್ತೆಗೆ ಎಡಕ್ಕೆ ತಿರುಗಿದರೆ ಡೆತ್ ವ್ಯಾಲಿ ಜಂಕ್ಷನ್, ಅಲ್ಲಿಂದ ಕ್ಯಾಲಿಫೋರ್ನಿಯಾ 190 ಹೆದ್ದಾರಿ. ಜಂಕ್ಷನ್ ಅಂತ ಹೆಸರಿದೆ ಅಂತ ಅಲ್ಲಿ ಪೆಟ್ರೋಲ್ ಬಂಕ್ ಹುಡುಕಬೇಡಿ, ಇಲ್ಲ. ಈ ದಾರಿಯಲ್ಲಿ ಬೀದಿ ದೀಪವೂ ಇಲ್ಲ, ಕಾಡುಕತ್ತೆ, ಕುದುರೆ ಅಡ್ಡ ಬರ್ತವೆ. ಕತ್ತಲೆಯಲ್ಲಿ ಸ್ಪೀಡ್ ಲಿಮಿಟ್‌ಗಿಂತ ಹತ್ತು ಮೈಲಿ ಕಮ್ಮಿ ಓಡಿಸಿ.

ಜುಲೈ ನಡುವಿನಲ್ಲಿ ಸೂರ್ಯೋದಯ 5:40ರ ಸುಮಾರಿಗೆ. ಅಷ್ಟರಲ್ಲಿ ಜಬ್ರಿಸ್ಕಿ ಪಾಯಿಂಟ್‌ನಲ್ಲಿರಬೇಕು. ಪಾರ್ಕಿಂಗ್‌ನಿಂದ ಕಾಲು ಮೈಲಿ, ಟಾರು ಹಾಕಿದ ದಾರಿ, ಆದರೆ ಏರು. ಅಪ್ಪನಿಗೆ ಎರಡು ಕಡೆ ನಿಂತು ಹತ್ತೋಕೆ ಹತ್ತು ನಿಮಿಷ ಸಾಕು. ಮೊದಲ ಬಿಸಿಲು ಆ ಹಳದಿ ಮಡಿಕೆಗಳ ಮೇಲೆ ಬೀಳೋದನ್ನ ನೋಡೋಕೆ ಅಷ್ಟು ಬೇಗ ಎದ್ದಿದ್ದು ಸಾರ್ಥಕ.

ಅಲ್ಲಿಂದ ಎಲ್ಲೂ ನಿಲ್ಲಿಸದೆ ನೇರ ಬ್ಯಾಡ್‌ವಾಟರ್ ಉಪ್ಪಿನ ಬಯಲಿಗೆ, ಅರ್ಧ ಗಂಟೆ. ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ, ಉತ್ತರ ಅಮೆರಿಕದಲ್ಲೇ ಅತಿ ತಗ್ಗು. ಇಲ್ಲಿಗೆ ಬೇಗ ಹೋಗಿ ಅನ್ನೋದಕ್ಕೆ ಕಾರಣ ಇದೆ: ಪೂರ್ವಕ್ಕೆ ಒತ್ತಿಕೊಂಡೇ ಬ್ಲ್ಯಾಕ್ ಮೌಂಟನ್ಸ್ ಗೋಡೆ ಎದ್ದಿರೋದ್ರಿಂದ ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ಆ ಜಾಗ ಬೆಟ್ಟದ ನೆರಳಲ್ಲೇ ಇರುತ್ತೆ. ಆರೂಕಾಲಿಗೆ ತಲುಪಿದರೆ ನೆರಳಲ್ಲೇ ಉಪ್ಪಿನ ಮೇಲೆ ಹತ್ತು-ಹದಿನೈದು ನಿಮಿಷ ನಡೆದು ಬರಬಹುದು. ವಾಪಸ್ ಬರುವಾಗ ಪಾರ್ಕಿಂಗ್ ಹಿಂದಿನ ಬಂಡೆ ತಲೆಯೆತ್ತಿ ನೋಡಿ, ಬಹಳ ಎತ್ತರದಲ್ಲಿ 'ಸಮುದ್ರ ಮಟ್ಟ' ಅಂತ ಬಿಳಿ ಬೋರ್ಡ್ ಇದೆ. ನಾವು ಎಷ್ಟು ಆಳದಲ್ಲಿ ನಿಂತಿದ್ದೀವಿ ಅನ್ನೋದು ಆಗಲೇ ಅರ್ಥವಾಗೋದು.

ಬ್ಯಾಡ್‌ವಾಟರ್‌ನಿಂದ ಉತ್ತರಕ್ಕೆ ಬರುವಾಗ ಬಲಕ್ಕೆ ಆರ್ಟಿಸ್ಟ್ಸ್ ಡ್ರೈವ್, ಒಂಬತ್ತು ಮೈಲಿ ಒನ್‌ವೇ. ದಕ್ಷಿಣದಿಂದ ಉತ್ತರಕ್ಕೆ ಮಾತ್ರ ಬಿಡೋದ್ರಿಂದ ವಾಪಸ್ ಬರುವಾಗ ಹೋಗೋದೇ ಸರಿ. ಬಣ್ಣ ಚೆನ್ನಾಗಿ ಕಾಣೋದು ಮಧ್ಯಾಹ್ನದ ಮೇಲೆ, ಬೆಳಿಗ್ಗೆ ಸ್ವಲ್ಪ ಮಂಕು. ಆದರೂ ಕಾರಿನಿಂದ ಇಳಿಯದೆ ನೋಡೋ ಜಾಗ, ಬಿಡಬೇಡಿ. ಎಂಟಕ್ಕೆ ಫರ್ನೆಸ್ ಕ್ರೀಕ್ ವಿಸಿಟರ್ ಸೆಂಟರ್ ತೆರೆಯುತ್ತೆ: ಶೌಚಾಲಯ, ಕುಡಿಯೋ ನೀರು, ಎಸಿ ಎಲ್ಲಾ ಇದೆ. ಪಾರ್ಕಿನ ಫೀಸ್ ಗಾಡಿಗೆ 30 ಡಾಲರ್, ನಗದು ತಗೊಳ್ಳಲ್ಲ, ಕಾರ್ಡ್ ಇರಲಿ. ಪ್ರವೇಶದ ಹತ್ತಿರ ಗೇಟ್ ಇರಲ್ಲ, ಹಾಗಂತ ಕಟ್ಟದೆ ಬರಬೇಡಿ.

ಕೊನೆಗೆ ಡಾಂಟೆಸ್ ವ್ಯೂ. 5,476 ಅಡಿ ಎತ್ತರ, ಬ್ಯಾಡ್‌ವಾಟರ್‌ಗಿಂತ 20-25 ಡಿಗ್ರಿ ಫ್ಯಾರನ್‌ಹೀಟ್ ತಂಪು. ಒಂಬತ್ತೂಕಾಲಿಗೆ ಹೋದರೂ ಆರಾಮಾಗಿ ನಿಲ್ಲಬಹುದು. ಬೆಳಿಗ್ಗೆ ನಡೆದ ಉಪ್ಪಿನ ಬಯಲು ಕಾಲ ಬುಡದಲ್ಲೇ, ಐದೂಮುಕ್ಕಾಲು ಸಾವಿರ ಅಡಿ ಕೆಳಗೆ ಕಾಣುತ್ತೆ. ಅಲ್ಲಿಂದ ಫರ್ನೆಸ್ ಕ್ರೀಕ್‌ಗೆ ಮತ್ತೆ ಇಳಿಯೋದು ಬೇಡ, ಹಾಗೇ ಜಂಕ್ಷನ್ ಕಡೆ ತಿರುಗಿಸಿದರೆ ಹನ್ನೆರಡರ ಹೊತ್ತಿಗೆ ವೇಗಸ್. ಒಟ್ಟು ಸುತ್ತು ಸುಮಾರು 300 ಮೈಲಿ.

ಒಂದೇ ಸೂತ್ರ ಇಟ್ಟುಕೊಳ್ಳಿ: ತಗ್ಗು ಮೊದಲು, ಎತ್ತರ ಆಮೇಲೆ. ಎಲ್ಲೇ ಇಳಿದರೂ ಎಸಿ ಇರೋ ಕಾರಿನಿಂದ ಹತ್ತು ನಿಮಿಷದ ನಡಿಗೆಗಿಂತ ದೂರ ಹೋಗಬೇಡಿ.

ಗ್ಯಾರೇಜ್ ಗೆಳೆಯ:

ಗಾಡಿ ವಿಷಯ ನಾನು ಹೇಳ್ತೀನಿ. ಎಲೆಕ್ಟ್ರಿಕ್ ಈ ಸಲ ಬೇಡ. ಪಹ್ರಂಪ್‌ನಲ್ಲಿ ಫಾಸ್ಟ್ ಚಾರ್ಜರ್ ಇದೆ ನಿಜ, ಆದರೆ ಅಲ್ಲಿಂದ ಒಳಗೆ ಹೋಗಿ, ಡಾಂಟೆಸ್ ವ್ಯೂ ಹತ್ತಿ, ಮತ್ತೆ ಅಲ್ಲಿಗೇ ಬರೋದು 190 ಮೈಲಿ ಮೇಲಾಗುತ್ತೆ. ಐದು ಜನ, ಎಸಿ ಫುಲ್, ಐದೂವರೆ ಸಾವಿರ ಅಡಿ ಏರು: ಕಂಪನಿ ಹೇಳೋ ರೇಂಜ್ ಬರಲ್ಲ. ಗೊತ್ತಿಲ್ಲದ ಬಾಡಿಗೆ ಕಾರಿನಲ್ಲಿ ಈ ಲೆಕ್ಕ ಹಾಕ್ತಾ ಕೂರೋ ಜಾಗ ಅಲ್ಲ ಅದು. ಪೆಟ್ರೋಲ್ ಎಸ್‌ಯುವಿ ತಗೊಳ್ಳಿ.

ಗಾಡಿ ಕೈಗೆ ಬಂದ ದಿನವೇ, ಕೌಂಟರ್ ಬಿಟ್ಟು ಹೊರಡೋಕೆ ಮುಂಚೆ ಇಷ್ಟು ನೋಡಿ. ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿ. ನಿಂತಿದ್ದಾಗಲೂ ಹಿಂದಿನ ಸೀಟಿಗೆ ತಣ್ಣನೆ ಗಾಳಿ ಬರ್ತಿರಬೇಕು. ಬಾನೆಟ್ ಎತ್ತಿ ಕೂಲಂಟ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಸ್ಟೆಪ್ನಿ ನಿಜವಾಗಲೂ ಇದೆಯಾ, ಜ್ಯಾಕ್ ಇದೆಯಾ? ಈಗಿನ ಎಷ್ಟೋ ಗಾಡಿಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಅಂಟಿನ ಡಬ್ಬಿ ಮಾತ್ರ ಇರುತ್ತೆ. ಟೈರಿನ ಪಕ್ಕೆ ಸೀಳಿದರೆ ಅದು ಉಪಯೋಗಕ್ಕೆ ಬರಲ್ಲ. ಇಲ್ಲದಿದ್ದರೆ ಬೇರೆ ಗಾಡಿ ಕೇಳಿ.

ಟೈರ್ ಗಾಳಿಯನ್ನ ಹೊರಡೋ ಮುಂಚೆ, ಟೈರ್ ತಣ್ಣಗಿದ್ದಾಗ, ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರೋಷ್ಟಕ್ಕೆ ತುಂಬಿಸಿ. ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಬಿಸಿಗೆ ಸುಮಾರು 1 ಪಿಎಸ್‌ಐ ಏರುತ್ತೆ. ದಾರಿಯಲ್ಲಿ 5-6 ಜಾಸ್ತಿ ತೋರಿಸಿತು ಅಂತ ಗಾಳಿ ಬಿಡೋರು ಇದ್ದಾರೆ, ಅದೇ ಅಪಾಯ. ಗಾಳಿ ಕಮ್ಮಿ ಇರೋ ಟೈರು ರಸ್ತೆಗೆ ಬಾಗಿ ಬಾಗಿ ಒಳಗಿಂದ ಕಾದು ಸಿಡಿಯುತ್ತೆ.

ಫರ್ನೆಸ್ ಕ್ರೀಕ್‌ನಿಂದ ಡಾಂಟೆಸ್ ವ್ಯೂಗೆ ಏರುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ನಡುಮಟ್ಟಕ್ಕಿಂತ ಮೇಲೆ ಹೋದರೆ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ನಿಧಾನ ಮಾಡಿ. ಇನ್ನೂ ಏರಿದರೆ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಹೀಟರ್ ಫುಲ್ ಹಾಕಿ. ಆ ಸೆಕೆಯಲ್ಲಿ ಹೀಟರ್ ಅಂದರೆ ಯಾರಿಗೂ ಮನಸ್ಸಾಗಲ್ಲ, ಆದರೆ ಎಂಜಿನ್ನಿನ ಬಿಸಿನೀರು ಇನ್ನೊಂದು ಸಣ್ಣ ರೇಡಿಯೇಟರ್‌ನಲ್ಲೂ ಹರಿದ ಹಾಗಾಗುತ್ತೆ, ಮುಳ್ಳು ಇಳಿಯುತ್ತೆ. ಮುಚ್ಚಳ ಮಾತ್ರ ಬಿಸಿ ಇರುವಾಗ ತೆಗೆಯಲೇಬೇಡಿ. ಕೊನೆಯ ಕಾಲು ಮೈಲಿ ತುಂಬಾ ಕಡಿದು, ಕೆಳಗಿನ ಗೇರಿನಲ್ಲೇ ಹತ್ತಿ, ಇಳಿಯುವಾಗಲೂ ಅದೇ ಗೇರು. ಬ್ರೇಕ್ ಒತ್ತಿಕೊಂಡೇ ಬಂದರೆ ಬ್ರೇಕ್ ಕಾದು ಹಿಡಿತ ಹೋಗುತ್ತೆ.

ಬೀಗದ ಕೈ ಬಗ್ಗೆ ಒಂದು ಮಾತು. ಬಾಡಿಗೆ ಗಾಡಿಯ ಎರಡೂ ಕೀಗಳನ್ನ ಒಂದೇ ಉಕ್ಕಿನ ತಂತಿಗೆ ಪೋಣಿಸಿ ಕೊಡ್ತಾರೆ, ಅಂದರೆ ಎರಡನೇ ಕೀ ಇದ್ದೂ ಇಲ್ಲದ ಹಾಗೆ. ನೀರು, ಫೋನ್, ಕೀ ಎಲ್ಲಾ ಒಳಗಿದ್ದು ಬಾಗಿಲು ಲಾಕ್ ಆದರೆ ಅಲ್ಲಿ ಅದು ಪ್ರಾಣದ ಪ್ರಶ್ನೆ. ಡ್ರೈವರ್ ಕೀಯನ್ನ ಪ್ಯಾಂಟಿನ ಜೇಬಿಗೆ ಹಾಕಿ, ಮುಟ್ಟಿ ನೋಡಿಕೊಂಡ ಮೇಲೇ ಬಾಗಿಲು ಹಾಕೋದು ಅಂತ ನಿಯಮ ಮಾಡಿ. ಪ್ರತಿ ಸಲ ಇಳಿಯುವಾಗಲೂ ಒಬ್ಬೊಬ್ಬರ ಕೈಯಲ್ಲಿ ಒಂದು ಬಾಟಲಿ ನೀರು.

ಫೋನನ್ನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಸಿಕ್ಕಿಸಬೇಡಿ, ಕಾದು ಪರದೆ ಆರಿಹೋಗುತ್ತೆ. ಎಸಿ ಗಾಳಿ ಬರೋ ಕಿಂಡಿಗೆ ಸಿಕ್ಕಿಸಿ. ಫರ್ನೆಸ್ ಕ್ರೀಕ್, ಸ್ಟೋವ್‌ಪೈಪ್ ವೆಲ್ಸ್ ಬಿಟ್ಟರೆ ಸಿಗ್ನಲ್ ಇಲ್ಲ ಅಂತಲೇ ಇಟ್ಟುಕೊಳ್ಳಿ. ಮ್ಯಾಪ್ ಹಿಂದಿನ ರಾತ್ರಿಯೇ ಡೌನ್‌ಲೋಡ್ ಆಗಿರಲಿ. ಮ್ಯಾಪ್ ಹತ್ತಿರದ ದಾರಿ ಅಂತ ಮಣ್ಣು ರಸ್ತೆ ತೋರಿಸಿದರೆ ತಿರುಗಬೇಡಿ. ಬಾಡಿಗೆ ಕರಾರಿನಲ್ಲೂ ಮಣ್ಣು ರಸ್ತೆಗೆ ಸಾಮಾನ್ಯವಾಗಿ ಅನುಮತಿ ಇರಲ್ಲ. ಗಾಡಿ ಕೆಟ್ಟು ನಿಂತರೆ ಗಾಡಿ ಬಿಟ್ಟು ನಡೆದು ಹೋಗಬೇಡಿ. ಟಾರು ರಸ್ತೆಯಲ್ಲಿ ಇನ್ನೊಂದು ಗಾಡಿ ಬಂದೇ ಬರುತ್ತೆ. ನಡೆದು ಹೊರಟವರನ್ನ ಹುಡುಕೋದೇ ಕಷ್ಟ.

ಮದ್ದುಮನೆ:

ನೀರಿನ ಲೆಕ್ಕ: ತಲೆಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್ ಹತ್ತಿರ. ಅಂಗಡಿಯಲ್ಲಿ ಸಿಗೋ ಅರ್ಧ ಲೀಟರಿನ 40 ಬಾಟಲಿ ಕಟ್ಟು ಒಂದು ತಗೊಂಡರೆ 20 ಲೀಟರ್, ಐವರಿಗೂ ಸರಿಹೋಯ್ತು. ಮಧ್ಯಾಹ್ನದೊಳಗೆ ವಾಪಸ್ ಬರ್ತೀರ ಅಂತ ಕಮ್ಮಿ ಮಾಡಬೇಡಿ, ಗಾಡಿ ಕೆಟ್ಟರೆ ಸಂಜೆವರೆಗೆ ಬೇಕಾಗೋದು ಅದೇ. ಅದರ ಮೇಲೆ ಎರಡು ಗ್ಯಾಲನ್ ಕ್ಯಾನ್ ಬೇರೆ ಇಡಿ, ಮೈ ಒದ್ದೆ ಮಾಡೋಕೆ. ನಲವತ್ತರಲ್ಲಿ ಹತ್ತು ಬಾಟಲಿಗಳಿಂದ ಒಂದೊಂದು ಗುಟುಕು ಚೆಲ್ಲಿ ಹಿಂದಿನ ದಿನವೇ ಫ್ರೀಜರ್‌ಗೆ ಹಾಕಿ (ತುಂಬಿದ್ದರೆ ಒಡೆಯುತ್ತೆ). ಐಸ್ ಬಾಕ್ಸ್‌ನಲ್ಲಿ ಅವೇ ಐಸು, ಕರಗಿದ ಮೇಲೆ ಅವೇ ತಣ್ಣೀರು. ಡಿಕ್ಕಿಯಲ್ಲಿ ಹಾಗೇ ಇಟ್ಟ ನೀರು ಎಂಟು ಗಂಟೆಗೆಲ್ಲಾ ಸ್ನಾನದ ನೀರಿನಷ್ಟು ಬೆಚ್ಚಗಾಗಿರುತ್ತೆ, ಮಕ್ಕಳು ಮುಟ್ಟಲ್ಲ.

ನಮ್ಮ ಕರಾವಳಿ ಸೆಕೆಗೂ ಅಲ್ಲಿನ ಸೆಕೆಗೂ ದೊಡ್ಡ ವ್ಯತ್ಯಾಸ ಇದೆ, ಅಪ್ಪ-ಅಮ್ಮನಿಗೆ ಮೊದಲೇ ಹೇಳಿಬಿಡಿ. ಮಂಗಳೂರಲ್ಲಿ ಬೆವರು ಸುರಿಯೋದು ಕಾಣುತ್ತೆ. ಅಲ್ಲಿ ಗಾಳಿ ಎಷ್ಟು ಒಣ ಅಂದರೆ ಬೆವರು ಚರ್ಮದ ಮೇಲೆ ಬರ್ತಿದ್ದ ಹಾಗೇ ಆರಿಹೋಗುತ್ತೆ. ಮೈ ಒಣಗಿಯೇ ಇರುತ್ತೆ, 'ನಂಗೇನೂ ಬೆವರೇ ಬರ್ತಿಲ್ಲ, ನೀರು ಬೇಡ' ಅಂತಾರೆ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗಲೇ ಎಷ್ಟು ನೀರು ಹೋಗಿದೆ ಅಂತ ಗೊತ್ತಾಗೋದು. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಂದು ಲೋಟ ಕುಡಿಸಿ. ದಾರಿಯಲ್ಲಿ ಶೌಚಾಲಯ ಇರಲ್ಲ ಅಂತ ಅಮ್ಮಂದಿರು ನೀರೇ ಕುಡಿಯದೆ ಕೂರೋದು ತುಂಬಾ ಸಾಮಾನ್ಯ. ಜಬ್ರಿಸ್ಕಿ, ಬ್ಯಾಡ್‌ವಾಟರ್ ಎರಡೂ ಕಡೆ ಶೌಚಾಲಯ ಇದೆ ಅಂತ ಮೊದಲೇ ತಿಳಿಸಿ.

ಬರೀ ನೀರೇ ಕುಡಿದರೆ ಉಪ್ಪು ಕಮ್ಮಿಯಾಗಿ ತಲೆನೋವು, ವಾಕರಿಕೆ ಶುರುವಾಗುತ್ತೆ. ಊರಿಂದ ತಂದ ಓಆರ್‌ಎಸ್ ಪ್ಯಾಕೆಟ್ ಇದ್ದರೆ ದೊಡ್ಡದು (21.8 ಗ್ರಾಂ) ಒಂದು ಲೀಟರಿಗೆ, ಸಣ್ಣದು (4.4 ಗ್ರಾಂ) 200 ಮಿಲಿಗೆ. ನೀರು ಕಮ್ಮಿ ಹಾಕಿ ಗಟ್ಟಿ ಮಾಡಬೇಡಿ, ಅದರಿಂದ ಉಲ್ಟಾ ತೊಂದರೆ. ಇಲ್ಲದಿದ್ದರೆ ಲೀಟರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಒಳ್ಳೇದು, ಐಸ್ ಬಾಕ್ಸ್‌ನಲ್ಲಿರಬೇಕು ಅಷ್ಟೆ.

ಅಪ್ಪನ ಮಾತ್ರೆ ಯಾವುದು ಅಂತ ನೋಡಿ. ಬಿಪಿ ಮಾತ್ರೆಗಳಲ್ಲಿ ಕೆಲವದ್ದರಲ್ಲಿ 'ನೀರಿನ ಮಾತ್ರೆ' ಸೇರಿರುತ್ತೆ, ಮೂತ್ರ ಜಾಸ್ತಿ ಹೋಗಿ ಮೈಯ ನೀರು ಬೇಗ ಇಳಿಯುತ್ತೆ. ಬೀಟಾ ಬ್ಲಾಕರ್ ಗುಂಪಿನದಾದರೆ ಶಾಖಕ್ಕೆ ತಕ್ಕ ಹಾಗೆ ಹೃದಯದ ಬಡಿತ ಏರೋದನ್ನ ತಡೆಯುತ್ತೆ. ನೀವೇ ನಿಲ್ಲಿಸಬೇಡಿ, ಊರಿನ ಡಾಕ್ಟರಿಗೆ ಫೋನ್ ಮಾಡಿ ಆ ದಿನ ಯಾವಾಗ ತಗೋಬೇಕು, ಓಆರ್‌ಎಸ್ ಎಷ್ಟು ಕುಡಿಯಬಹುದು ಅಂತ ಕೇಳಿ. ಮಾತ್ರೆಗಳನ್ನ ಕಾರಿನಲ್ಲಿ ಬಿಟ್ಟು ಇಳಿಯಬೇಡಿ.

ತಲೆಸುತ್ತು, ಮೀನಖಂಡ ಹಿಡಿಯೋದು, ವಾಕರಿಕೆ ಬಂದರೆ ಕಾರಿಗೆ ಕರೆತಂದು ಎಸಿ ಹಾಕಿ, ಅಂಗಿ ಒದ್ದೆ ಮಾಡಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ. ಅವತ್ತಿನ ಸುತ್ತಾಟ ಅಲ್ಲಿಗೆ ಮುಗೀತು. ಮಾತು ತೊದಲಿದರೆ, ಎಲ್ಲಿದ್ದೀನಿ ಅಂತ ತಿಳಿಯದಿದ್ದರೆ ಅದು ಹೀಟ್ ಸ್ಟ್ರೋಕ್: ಬಾಯಿಗೆ ಏನೂ ಹಾಕದೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಆ ಫ್ರೀಜ್ ಮಾಡಿದ ಬಾಟಲಿ ಇಡಿ, ಮೈ ಮೇಲೆಲ್ಲಾ ನೀರು ಸುರೀತಿರಿ, ಅಲ್ಲಿನ ತುರ್ತು ಸಂಖ್ಯೆ 911ಗೆ ಫೋನ್ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಮೈ ತಂಪು ಮಾಡ್ತಲೇ ಫರ್ನೆಸ್ ಕ್ರೀಕ್ ಕಡೆ ಓಡಿಸಿ. ಸುಮಾರು 120 ಫ್ಯಾರನ್‌ಹೀಟ್ ದಾಟಿದರೆ ಗಾಳಿ ತೆಳುವಾಗಿ ಆಂಬ್ಯುಲೆನ್ಸ್ ಹೆಲಿಕಾಪ್ಟರ್ ಹಾರೋಕಾಗಲ್ಲ, ಅದನ್ನ ನಂಬಿಕೊಳ್ಳಬೇಡಿ.

ಊಟಕ್ಕೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಕೋಡುಬಳೆ, ಸೌತೆಕಾಯಿ, ಕಲ್ಲಂಗಡಿ ಹಣ್ಣು ಸಾಕು. ಕಾಯಿ ಚಟ್ನಿ ಬೇಡ. ಮೊಸರನ್ನ ಐಸ್ ಬಾಕ್ಸ್‌ನಲ್ಲಿದ್ದರೆ ಮಾತ್ರ.

ಕಲ್ಲುಮಣ್ಣು:

ಮೊಹಾವೆಮಾರ್ಗಿ ಅವರ ಪ್ಲಾನ್ ಚೆನ್ನಾಗಿದೆ. ಸೂರ್ಯೋದಯಕ್ಕೆ ಡಾಂಟೆಸ್ ವ್ಯೂಗೇ ಹೋಗಿ ಅಂತ ಬಹಳ ಜನ ಹೇಳ್ತಾರೆ, ಎದುರಿನ ಪ್ಯಾನಮಿಂಟ್ ಬೆಟ್ಟಸಾಲಿನ ತುದಿಗೆ ಮೊದಲ ಬೆಳಕು ಬೀಳೋದು ನಿಜಕ್ಕೂ ಅದ್ಭುತ. ಆದರೆ ಹಾಗೆ ಮಾಡಿದರೆ ಬ್ಯಾಡ್‌ವಾಟರ್ ತಲುಪೋದು ಏಳೂವರೆ ಮೇಲಾಗುತ್ತೆ, ನೆರಳು ಸರಿದು ಹೋಗ್ತಿರುತ್ತೆ. ಚಳಿಗಾಲಕ್ಕೆ ಆ ಪ್ಲಾನ್ ಸರಿ, ಜುಲೈಗೆ ಅಲ್ಲ.

ಅಷ್ಟು ಸೆಕೆ ಯಾಕೆ ಅಂತ ಅಪ್ಪ ಕೇಳಿದರೆ ಡಾಂಟೆಸ್ ವ್ಯೂ ಮೇಲೆ ನಿಂತೇ ತೋರಿಸಬಹುದು. ಕಣಿವೆ ಉದ್ದ, ಅಗಲ ಕಮ್ಮಿ, ಎರಡೂ ಕಡೆ ಗೋಡೆ. ಎದುರಿಗೆ ಕಾಣೋ ಟೆಲಿಸ್ಕೋಪ್ ಪೀಕ್ 11,049 ಅಡಿ. ಪೆಸಿಫಿಕ್ ಕಡೆಯ ಮೋಡಗಳು ಸಿಯೆರಾ ನೆವಾಡಾ ಮತ್ತೆ ನಡುವಿನ ಬೆಟ್ಟಗಳಲ್ಲೇ ಮಳೆ ಸುರಿಸಿ ಖಾಲಿಯಾಗಿ ಬರ್ತವೆ; ಘಟ್ಟದ ಆಚೆ ಆಗುಂಬೆಯಲ್ಲಿ ಸುರಿದು ಈಚೆ ಚಿತ್ರದುರ್ಗಕ್ಕೆ ಬರೋಷ್ಟರಲ್ಲಿ ಮಳೆ ಕಮ್ಮಿಯಾಗೋ ಹಾಗೆ. ನೆಲದಲ್ಲಿ ಗಿಡವಿಲ್ಲ, ನೀರಿಲ್ಲ, ಬಿಸಿಲೆಲ್ಲಾ ನೆಲ ಕಾಯಿಸೋಕೇ ಖರ್ಚು. ಕಾದ ಗಾಳಿ ಮೇಲೇರಿ ಗೋಡೆ ದಾಟಲಾಗದೆ ಮತ್ತೆ ಕೆಳಗಿಳಿಯುತ್ತೆ, ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಬಿಸಿಯಾಗುತ್ತೆ. 1913ರ ಜುಲೈ 10ರಂದು ಫರ್ನೆಸ್ ಕ್ರೀಕ್‌ನಲ್ಲಿ ದಾಖಲಾದ 134 ಫ್ಯಾರನ್‌ಹೀಟ್ (56.7 ಸೆಲ್ಸಿಯಸ್) ಇವತ್ತಿಗೂ ಜಗತ್ತಿನ ಅಧಿಕೃತ ದಾಖಲೆ. ಇದು ಗಾಳಿಯ ಲೆಕ್ಕ. ನೆಲದ್ದು ಬೇರೆ: 1972ರ ಜುಲೈ 15ರಂದು ಅಲ್ಲಿನ ನೆಲ 201 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಆದ್ದರಿಂದ ಯಾರೂ ಚಪ್ಪಲಿ ಹಾಕಬೇಡಿ, ಮುಚ್ಚಿದ ಶೂ, ಕಾಲುಚೀಲ. 2024ರ ಜುಲೈನಲ್ಲಿ ಮರಳುದಿಬ್ಬದಲ್ಲಿ ಚಪ್ಪಲಿ ಕಳೆದುಕೊಂಡ ಪ್ರವಾಸಿಯೊಬ್ಬರ ಅಂಗಾಲು ಚರ್ಮ ಕಿತ್ತು ಬರೋಷ್ಟು ಸುಟ್ಟಿತ್ತು.

ಎಂಟೂಕಾಲಿಗೆ ಫರ್ನೆಸ್ ಕ್ರೀಕ್‌ನಲ್ಲಿ ಹತ್ತು ನಿಮಿಷ ಉಳಿದರೆ, ಒಂದೂವರೆ ಮೈಲಿ ಉತ್ತರಕ್ಕೆ ಹಾರ್ಮನಿ ಬೊರಾಕ್ಸ್ ವರ್ಕ್ಸ್ ತೋರಿಸಿ. ಅಕ್ಕಸಾಲಿಗರು ಬೆಸುಗೆಗೆ ಬಳಸೋ ಬಿಳಿಗಾರ (ಬೊರಾಕ್ಸ್) 1880ರ ದಶಕದಲ್ಲಿ ಇಲ್ಲಿಂದಲೇ ಹೋಗ್ತಿತ್ತು, ಹೇಸರಗತ್ತೆಗಳ ದೊಡ್ಡ ಬಂಡಿಗಳಲ್ಲಿ 165 ಮೈಲಿ ದೂರದ ಮೊಹಾವೆ ರೈಲು ನಿಲ್ದಾಣಕ್ಕೆ. ಬೇಸಿಗೆಯಲ್ಲಿ ದ್ರಾವಣ ತಣಿಯದೆ ಬಿಳಿಗಾರ ಹರಳುಗಟ್ಟುತ್ತಲೇ ಇರಲಿಲ್ಲ, ಕೆಲಸವನ್ನೇ ಎತ್ತರದ ಅಮರ್ಗೋಸಾಗೆ ಸಾಗಿಸಬೇಕಾಯ್ತು. ಹಳೆ ಬಾಯ್ಲರು, ಬಂಡಿ ಎರಡೂ ಅಲ್ಲೇ ನಿಂತಿವೆ.

ಕಾವೇರಿತೀರ:

ಎಲ್ಲರಿಗೂ ತುಂಬಾ ಧನ್ಯವಾದ. 3:15ಕ್ಕೆ ಹೊರಡೋದು ಅಂತ ತೀರ್ಮಾನ ಆಯ್ತು, ಅಮ್ಮ ಪುಳಿಯೋಗರೆಗೆ ಒಪ್ಪಿದ್ದಾರೆ. ಎರಡು ಪ್ರಶ್ನೆ ಉಳಿದಿದೆ. ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳನ್ನ ಮಗಳಿಗೆ ತೋರಿಸೋಕೆ ಆಗುತ್ತಾ? ಯಾವ ಹವಾಮಾನ ಕಂಡರೆ ಪ್ರವಾಸವನ್ನೇ ಕೈಬಿಡಬೇಕು?

ಮೊಹಾವೆಮಾರ್ಗಿ:

ಮರಳುದಿಬ್ಬ ಬಿಡಿ. ಫರ್ನೆಸ್ ಕ್ರೀಕ್‌ನಿಂದ ಹೋಗಿಬರೋಕೆ 50 ಮೈಲಿ ಹತ್ತಿರ, ತಲುಪೋ ಹೊತ್ತಿಗೆ ಮರಳು ಕಾದಿರುತ್ತೆ. ಅದಕ್ಕೋಸ್ಕರ ಬ್ಯಾಡ್‌ವಾಟರ್ ಬಿಟ್ಟರೆ ಮಾತ್ರ ಸಮಯ ಸಿಗೋದು, ಅದು ಲಾಭದ ವ್ಯಾಪಾರ ಅಲ್ಲ. ಮಗಳ ಸೀಟ್ ಬಗ್ಗೆ ಒಂದು: ಇಳಿದಾಗಲೆಲ್ಲಾ ಸೀಟಿನ ಮೇಲೆ ಬಿಳಿ ಟವೆಲ್ ಹೊದಿಸಿ, ಹತ್ತಿಸುವಾಗ ಲೋಹದ ಬಕಲ್ ನೀವು ಮೊದಲು ಮುಟ್ಟಿ ನೋಡಿ, ತೊಡೆ ಸುಡುತ್ತೆ.

ಕೈಬಿಡೋ ವಿಷಯ. ಹಿಂದಿನ ರಾತ್ರಿ ಎಂಟಕ್ಕೆ ಎರಡು ಕಡೆ ನೋಡಿ: ಫರ್ನೆಸ್ ಕ್ರೀಕ್‌ನ ಮುನ್ಸೂಚನೆ, ಪಾರ್ಕ್ ವೆಬ್‌ಸೈಟಿನಲ್ಲಿ ರಸ್ತೆಗಳ ಸ್ಥಿತಿ. ಬೆಳಗಿನ ಕನಿಷ್ಠವೇ 100 ಫ್ಯಾರನ್‌ಹೀಟ್ ಅಂತ ಇದ್ದರೆ, ಅಪ್ಪ ಮತ್ತೆ ಮಗುವನ್ನ ಕರೆದುಕೊಂಡು ಹೋಗಬೇಡಿ. ಗುಡುಗುಮಳೆ ಅಥವಾ ದಿಢೀರ್ ಪ್ರವಾಹದ ಎಚ್ಚರಿಕೆ ಇದ್ದರೂ ಅಷ್ಟೆ. ಆ ನೆಲ ನೀರು ಹೀರಲ್ಲ, ಬೆಟ್ಟದಲ್ಲಿ ಬಿದ್ದ ಮಳೆ ಕಲ್ಲುಮಣ್ಣು ಸಮೇತ ರಸ್ತೆಗೇ ಬರುತ್ತೆ. 2022ರ ಆಗಸ್ಟ್ 5ರಂದು ಫರ್ನೆಸ್ ಕ್ರೀಕ್‌ನಲ್ಲಿ ಬಿದ್ದಿದ್ದು ಒಂದೂವರೆ ಇಂಚಿಗೂ ಸ್ವಲ್ಪ ಕಮ್ಮಿ, ಅಷ್ಟಕ್ಕೇ ಸುಮಾರು ಸಾವಿರ ಜನ ಒಳಗೆ ಸಿಕ್ಕಿಕೊಂಡ್ರು. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ಪಾರ್ಕೇ ಸುಮಾರು ಎರಡು ತಿಂಗಳು ಮುಚ್ಚಿತ್ತು. ರಸ್ತೆ ಮೇಲೆ ನೀರು ಹರೀತಿದ್ದರೆ ಎಷ್ಟೇ ತೆಳು ಕಂಡರೂ ದಾಟಬೇಡಿ, ಕೆಳಗೆ ರಸ್ತೆ ಕೊಚ್ಚಿಹೋಗಿರಬಹುದು.

ಹಾಗೇನಾದರೂ ಕೈಬಿಟ್ಟರೆ ಅವತ್ತು ಮೌಂಟ್ ಚಾರ್ಲ್‌ಸ್ಟನ್‌ಗೆ ಹೋಗಿ. ವೇಗಸ್‌ನಿಂದ ಮುಕ್ಕಾಲು ಗಂಟೆ, ಏಳು ಸಾವಿರ ಅಡಿ ಮೇಲೆ ಪೈನ್ ಮರಗಳ ನೆರಳು, ವೇಗಸ್‌ಗಿಂತ 25-30 ಡಿಗ್ರಿ ಫ್ಯಾರನ್‌ಹೀಟ್ ತಂಪು. ಆ ಪುಳಿಯೋಗರೆ ಅಲ್ಲೂ ಆಗುತ್ತೆ. ಅಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಬರುತ್ತೆ, ಆದ್ದರಿಂದ ಎಂಟಕ್ಕೇ ಹೊರಟು ಒಂದರೊಳಗೆ ಕೆಳಗಿಳಿಯಿರಿ.